ಕ್ರ್ಯಾಶ್ ಗಾರ್ಡ್ ಕೊಳ್ಳುವ ಮುಂಚೆ ವೆಲ್ಡಿಂಗ್ ನೋಡಿ

ಬೈಕಿಗೆ ಹೊರಗಿನ ಅಂಗಡಿಯ ಕ್ರ್ಯಾಶ್ ಗಾರ್ಡ್, ಲಗೇಜ್ ಕ್ಯಾರಿಯರ್ ಹಾಕಿಸುವವರು ಬರೀ ಹೊಳಪು ನೋಡಿ ದುಡ್ಡು ಕೊಡಬೇಡಿ. ಹೊಸದರಲ್ಲಿ ಎಲ್ಲವೂ ಹೊಳೆಯುತ್ತದೆ. ತಿರುಗಿಸಿ ವೆಲ್ಡಿಂಗ್ ಇರುವ ಜಾಗ ನೋಡಿ. ತುಕ್ಕು ಸಾಮಾನ್ಯವಾಗಿ ಶುರುವಾಗುವುದೇ ಅಲ್ಲಿ, ಇಲ್ಲವೇ ಬೋಲ್ಟ್ ತೂತಿನ ಅಂಚಿನಲ್ಲಿ. ವೆಲ್ಡಿಂಗ್ ಮೇಲೆ ಸಣ್ಣ ಗುಳಿ, ಕಿಟ್ಟ ಉಳಿದಿದ್ದರೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಬಿಸಿಯಲ್ಲಿ ಗಟ್ಟಿ ಮಾಡಿದ ಲೇಪ) ಗಟ್ಟಿಯಾಗಿ ಹಿಡಿಯುವುದಿಲ್ಲ. ಮಳೆಗಾಲ ಬಂತೆಂದರೆ ಸಿಪ್ಪೆ ಏಳುತ್ತದೆ. ಪೈಪಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಳಗೆ ತುಕ್ಕು ಇದೆಯಾ ಅಂತಲೂ ಒಮ್ಮೆ ಇಣುಕಿ.

"ಪಕ್ಕಾ ಸ್ಟೇನ್‌ಲೆಸ್ ಸಾರ್, ಮ್ಯಾಗ್ನೆಟ್ ಹಿಡಿಯಲ್ಲ ನೋಡಿ" ಅಂತ ಕೆಲವು ಅಂಗಡಿಗಳಲ್ಲಿ ತೋರಿಸುತ್ತಾರೆ. ಅದರಿಂದ ಗ್ರೇಡ್, ಅಂದರೆ ಸ್ಟೇನ್‌ಲೆಸ್ ಯಾವ ದರ್ಜೆಯದು ಅನ್ನುವುದು ಗೊತ್ತಾಗುವುದಿಲ್ಲ. ಒಳ್ಳೆಯ 304 ಗ್ರೇಡಿನ ಹಾಗೆ ಅಗ್ಗದ 202 ಗ್ರೇಡಿಗೂ ಮ್ಯಾಗ್ನೆಟ್ ಸರಿಯಾಗಿ ಅಂಟುವುದಿಲ್ಲ. 202ರಲ್ಲಿ ನಿಕಲ್ ಕಮ್ಮಿ, ಮ್ಯಾಂಗನೀಸ್ ಜಾಸ್ತಿ. ಮಂಗಳೂರು, ಕಾರವಾರದ ಉಪ್ಪು ಗಾಳಿಗೆ ಬೇಗ ಕಂದು ಕಲೆ ಬೀಳುತ್ತದೆ. ಬಿಲ್ಲಿನಲ್ಲೇ ಗ್ರೇಡ್ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅರ್ಥ ಆಯ್ತಲ್ವಾ!

ಜೊತೆಗೆ ಬರುವ ಬೋಲ್ಟ್‌ಗಳನ್ನೂ ಸುಮ್ನೆ ನಂಬಬೇಡಿ. ಸ್ಟೇನ್‌ಲೆಸ್ ಅಲ್ಲದ ಬೋಲ್ಟ್ ಆದರೆ ತಲೆಯ ಮೇಲೆ 8.8 ಅಂತ ಗಟ್ಟಿತನದ ಗುರುತಿರಬೇಕು. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಿಂದ ಬೇರೆ ತನ್ನಿ, ದೊಡ್ಡ ಖರ್ಚೇನಲ್ಲ. ತೂತಿನ ಸುತ್ತ ಬಣ್ಣ ಕಿತ್ತಿದ್ದರೆ ಬಿಗಿಯುವ ಮುಂಚೆಯೇ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಕೆಂಪು ಪ್ರೈಮರ್) ಹಚ್ಚಿ ಒಣಗಲು ಬಿಡಿ.