ಡೇರಿಯ ನೋಟಿಸ್ ಬೋರ್ಡು ಓದುವಂತೆ ಮಾಡುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಯಾವ ಊರಿಗೆ ಹೋದರೂ ಹಾಲಿನ ಡೇರಿ, ಅಂದರೆ ಹಾಲು ಉತ್ಪಾದಕರ ಸಹಕಾರ ಸಂಘ, ಇದ್ದೇ ಇರುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ನೆಲದಲ್ಲಿ ರೇಷ್ಮೆ ಮತ್ತು ಹಾಲು ಎಷ್ಟೋ ಮನೆಗಳನ್ನು ಸಾಕಿವೆ. ದಿನಕ್ಕೆ ಎರಡು ಹೊತ್ತು ಊರೇ ಬಂದು ಸಾಲು ನಿಲ್ಲುವ ಜಾಗವದು. ಸುದ್ದಿ ಮುಟ್ಟಿಸಲು ಅದಕ್ಕಿಂತ ಒಳ್ಳೆಯ ಗೋಡೆ ಊರಲ್ಲಿ ಇನ್ನೊಂದಿಲ್ಲ. ಆದರೆ ಆ ಗೋಡೆಯ ಬೋರ್ಡಿನಲ್ಲಿ ಕಳೆದ ವರ್ಷದ ಚುನಾವಣೆ ನೋಟಿಸು, ಅದರ ಮೇಲೆ ಅರ್ಧ ಮುಚ್ಚಿದ ದರಪಟ್ಟಿ, ಪಕ್ಕದಲ್ಲಿ ಟ್ರ್ಯಾಕ್ಟರ್ ಜಾಹೀರಾತು. ಹಾಲಿನ ಹಣದ ಬಟವಾಡೆ ಯಾವತ್ತು ಎಂದು ಎಲ್ಲರೂ ಸಂಘದ ಕಾರ್ಯದರ್ಶಿಯನ್ನೇ ಕೇಳುತ್ತಾರೆ. ನಮ್ಮ ಜನ ಓದುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಓದಲು ಆಗದ ಹಾಗೆ ಅಂಟಿಸಿರುತ್ತಾರೆ, ಅಷ್ಟೆ.

ಮೊದಲು ಪ್ರಶ್ನೆಗಳನ್ನು ಬರೆದುಕೊಳ್ಳಿ

ಬೋರ್ಡಿಗೆ ಕೈ ಹಾಕುವ ಮುಂಚೆ ಒಂದು ವಾರ ಜನ ಏನು ಕೇಳುತ್ತಾರೆ ಎಂಬುದನ್ನು ಹಾಲಿನ ಲೆಕ್ಕದ ಪುಸ್ತಕದ ಪಕ್ಕದಲ್ಲೇ ಗುರುತು ಮಾಡುತ್ತಾ ಹೋಗಿ. ಬಟವಾಡೆ ಯಾವಾಗ, ದನದ ಫೀಡು ಬಂತಾ, ದನದ ಡಾಕ್ಟರು ಎಂದು ಬರ್ತಾರೆ, ಸರ್ಕಾರದ ಪ್ರೋತ್ಸಾಹಧನ ಖಾತೆಗೆ ಬಿತ್ತಾ: ಹೆಚ್ಚುಕಡಿಮೆ ಇವೇ ಮತ್ತೆ ಮತ್ತೆ ಬರುತ್ತವೆ. ಅತಿ ಹೆಚ್ಚು ಸಲ ಕೇಳಿದ್ದಕ್ಕೆ ಬೋರ್ಡಿನ ಮೇಲಿನ ಎಡಭಾಗ ಕೊಡಿ. ಕನ್ನಡ ಓದುವ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ಒಂದೊಂದಕ್ಕೂ ಒಂದು ಕಾಯಂ ಜಾಗ

ಬಣ್ಣದ ಟೇಪಿನಿಂದ ಬೋರ್ಡನ್ನು ನಾಲ್ಕೈದು ಮನೆಗಳಾಗಿ ಮಾಡಿ, ಪ್ರತಿ ಮನೆಗೂ ಮೇಲೆ ಹೆಸರು ಬರೆಯಿರಿ: ಬಟವಾಡೆ, ದರ, ಫೀಡು, ಡಾಕ್ಟರು, ಸಂಘದ ನೋಟಿಸು. ಹೊಸದು ಬಂದಾಗಲೆಲ್ಲ ಮೇಲೆ ಅಂಟಿಸಿ ಹಳೆಯದನ್ನು ಕೆಳಗೆ ತಳ್ಳುವ ರೂಢಿ ಬಿಡಿ. ದಿನವೂ ಬರುವವರು ಹುಡುಕುವುದಿಲ್ಲ, ನೆನಪಿರುವ ಜಾಗವನ್ನು ನೋಡುತ್ತಾರೆ. ಜಾಗ ಬದಲಾದರೆ ಮತ್ತೆ ಮೊದಲಿನಿಂದ ಹುಡುಕಾಟ.

ಯಾವ ಮನೆಯನ್ನೂ ಖಾಲಿ ಬಿಡಬೇಡಿ. ಫೀಡು ಇಲ್ಲದಿದ್ದರೆ ‘ಇವತ್ತು ಫೀಡು ಇಲ್ಲ, ಶನಿವಾರ ಬರುತ್ತದೆ’ ಎಂದೇ ಬರೆಯಿರಿ. ಖಾಲಿ ಜಾಗ ನೋಡಿದವರಿಗೆ ಫೀಡು ಇಲ್ಲವೋ, ಬರೆಯುವುದನ್ನೇ ಮರೆತಿದ್ದಾರೋ ಗೊತ್ತಾಗದೆ ಅವರು ಮತ್ತೆ ಕಾರ್ಯದರ್ಶಿಯ ಹತ್ತಿರವೇ ಹೋಗುತ್ತಾರೆ. ಸರ್ವ ಸದಸ್ಯರ ಸಭೆ, ಚುನಾವಣೆಯ ನೋಟಿಸುಗಳು ಕೆಳಗಿನ ಸಾಲಿನಲ್ಲಿದ್ದರೂ ನಡೆಯುತ್ತದೆ. ಆದರೆ ಅವುಗಳ ಮೇಲೆ ಇನ್ನೊಂದು ಹಾಳೆ ಬೀಳಲೇಕೂಡದು, ಅದು ಸದಸ್ಯರ ಹಕ್ಕಿನ ವಿಷಯ. ಜಾಹೀರಾತಿಗೆ ಬೇರೆ ಗೋಡೆ ಇದೆ.

ಎತ್ತರ ಮತ್ತು ಬೆಳಕು

ಹಾಲು ಹಾಕಲು ಬರುವವರಲ್ಲಿ ಹೆಂಗಸರು ಬಹಳ. ಬೋರ್ಡು ಮಾತ್ರ ಬಾಗಿಲಿನ ಮೇಲೆ, ಕತ್ತೆತ್ತಿ ನೋಡುವ ಕಡೆ ಇರುತ್ತದೆ. ಮುಖ್ಯ ಮಾಹಿತಿ ನೆಲದಿಂದ ನಾಲ್ಕರಿಂದ ಐದೂವರೆ ಅಡಿಯೊಳಗೆ ಇರಲಿ. ಬೋರ್ಡು ಕಾರ್ಯದರ್ಶಿಯ ಬೆನ್ನ ಹಿಂದೆ ಬೇಡ, ಸಾಲು ನಿಲ್ಲುವ ಕಡೆಯ ಗೋಡೆಗೆ ಹಾಕಿಸಿ. ಕ್ಯಾನು ಹಿಡಿದು ನಿಂತ ಆ ಐದು ನಿಮಿಷವೇ ಓದುವ ಹೊತ್ತು. ಗಾಜಿನ ಬಾಗಿಲ ಬೋರ್ಡಾದರೆ ಎದುರಿಗೆ ಕಿಟಕಿ ಇಲ್ಲದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಅಕ್ಷರದ ಬದಲು ಆಕಾಶ ಕಾಣುತ್ತದೆ.

ಡೇರಿ ನಡೆಯುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಕಪ್ಪಾಗಿ ಕಾಣುತ್ತದೆ, ನೀಲಿ-ಹಸಿರು ತುಸು ಬೆಳ್ಳಗೆ ಕಾಣುತ್ತವೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲೇ ಇದನ್ನು ಗುರುತಿಸಿದ್ದರು. ಆದ್ದರಿಂದ ಕರಿಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದ ‘ತುರ್ತು’ ಸೂಚನೆಯೇ ಎಲ್ಲಕ್ಕಿಂತ ಮೊದಲು ಮರೆಯಾಗುತ್ತದೆ. ಹಲಗೆಗೆ ಬಿಳಿ ಅಥವಾ ಹಳದಿ ಸೀಮೆಸುಣ್ಣ, ಬಿಳಿ ಹಾಳೆಗೆ ಕಪ್ಪು ಮಾರ್ಕರ್: ಇಷ್ಟೇ ಸಾಕು.

ಅಕ್ಷರದ ವಿಷಯ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಬೋರ್ಡು ಬರೆಯುವವರಲ್ಲಿ ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬ ಲೆಕ್ಕವಿದೆ. ಅದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಹಾಕಿದ್ದು. ಕನ್ನಡಕ್ಕೆ ಇನ್ನಷ್ಟು ಬೇಕು, ಏಕೆಂದರೆ ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುತ್ತದೆ. ‘ರಾಷ್ಟ್ರೀಯ’ ಎಂದು ಬರೆದು ನೋಡಿ: ಷಕಾರದ ಅಡಿಯಲ್ಲಿ ಎರಡು ಒತ್ತುಗಳು ಇಳಿದು, ಮುಂದಿನ ಸಾಲಿನ ಗುಡಿಸಿಗೆ ತಗಲುತ್ತವೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಎರಡು ಸಾಲು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಡಿಟಿಪಿ ಅಂಗಡಿಯವರಿಗೆ ಸಾಲಿನ ಅಂತರ ಒಂದೂವರೆ ಇಡಲು ಹೇಳಿ. ಹಾಳೆ ಎರಡಾದರೂ ಚಿಂತೆಯಿಲ್ಲ.

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ-ಚಿಕ್ಕಕ್ಷರ ಎಂಬ ಭೇದವಿಲ್ಲ. ಒಂದು ಮಾತನ್ನು ಎತ್ತಿ ತೋರಿಸಬೇಕಾದರೆ ದಪ್ಪ ಮಾಡಿ, ಇಲ್ಲವೇ ಗಾತ್ರ ಹೆಚ್ಚಿಸಿ. ಓರೆ ಅಕ್ಷರ, ನೆರಳು ಬಿಟ್ಟ ಅಕ್ಷರ, ಮದುವೆ ಪತ್ರಿಕೆಯ ಬಳ್ಳಿ ಅಕ್ಷರ ಯಾವುದೂ ಬೇಡ. ಅಡಿಗೆರೆ ಎಳೆದರೆ ಅದು ಒತ್ತಿನ ಮೇಲೇ ಹಾಯುತ್ತದೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿಸಿ, ನೋಟೊ ಸ್ಯಾನ್ಸ್ ಕನ್ನಡದಂಥ ಉಚಿತ ಅಕ್ಷರಗಳಿವೆ. ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಆ ಅಕ್ಷರವಿಲ್ಲದ ಫೋನಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳೇ ಕಾಣುತ್ತವೆ.

ಅಂಕಿಗಳು 1, 2, 3 ರೂಪದಲ್ಲೇ ಇರಲಿ. ಹಾಲು ಪರೀಕ್ಷೆಯ ಚೀಟಿಯಲ್ಲೂ ಬ್ಯಾಂಕ್ ಮೆಸೇಜಿನಲ್ಲೂ ಜನ ದಿನಾ ನೋಡುವುದು ಅವನ್ನೇ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು ಆಡುವವರು ಬಹಳ, ಅವರಿಗೂ ಇದು ಸಲೀಸು.

ದರಪಟ್ಟಿ

ಹಾಲು ಒಕ್ಕೂಟದಿಂದ ಬರುವ ಪಟ್ಟಿಯಲ್ಲಿ ಫ್ಯಾಟು ಒಂದು ಕಡೆ, ಎಸ್‌ಎನ್‌ಎಫ್ (ಫ್ಯಾಟು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಇನ್ನೊಂದು ಕಡೆ, ನಡುವೆ ನೂರಾರು ಸಣ್ಣ ಅಂಕಿ. ನಿಮ್ಮ ಸಂಘದ ಹಾಲು ಸಾಮಾನ್ಯವಾಗಿ ಯಾವ ಫ್ಯಾಟಿನ ಒಳಗೆ ಬರುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ. ಆ ಕೆಲವು ಸಾಲುಗಳನ್ನಷ್ಟೇ ದೊಡ್ಡದಾಗಿ ಬರೆದು ಮೇಲೆ ಹಾಕಿ, ಪೂರ್ತಿ ಪಟ್ಟಿಯನ್ನು ಅದರ ಕೆಳಗೇ ಇಡಿ. ಸಾಲು ಬಿಟ್ಟು ಸಾಲಿಗೆ ತಿಳಿ ಬಣ್ಣ ಬಳಿದರೆ ಬೆರಳು ತಪ್ಪುವುದಿಲ್ಲ. ರೈತರು ತಮ್ಮ ಚೀಟಿಯನ್ನು ತಾವೇ ತಾಳೆ ನೋಡುವಂತಾಗಬೇಕು.

ಬರವಣಿಗೆ

‘ಈ ಮೂಲಕ ಸಂಘದ ಎಲ್ಲ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾದರೆ ವಿಷಯಕ್ಕೆ ಬರುವಷ್ಟರಲ್ಲಿ ಓದುವವರ ಸರದಿ ಬಂದಿರುತ್ತದೆ. ಹೀಗೆ ಬರೆಯಿರಿ:

ಕಾಲುಬಾಯಿ ಜ್ವರದ ಲಸಿಕೆ
ಗುರುವಾರ, 12ನೇ ತಾರೀಖು, ಬೆಳಿಗ್ಗೆ 7ರಿಂದ
ಡೇರಿ ಮುಂದೆ
ನಾಲ್ಕು ತಿಂಗಳು ತುಂಬಿದ ಕರುಗಳನ್ನೂ ಹಿಡಿದು ತನ್ನಿ

ಏನು, ಯಾವಾಗ, ಎಲ್ಲಿ, ನಾನೇನು ಮಾಡಬೇಕು ಎಂಬುದಷ್ಟೇ. ತಾರೀಖಿನ ಜೊತೆ ವಾರ ಇರಲೇಬೇಕು, ಹಳ್ಳಿಯ ಲೆಕ್ಕ ನಡೆಯುವುದು ವಾರದ ಮೇಲೆ.

ಕಿತ್ತು ಹಾಕುವ ದಿನ

ಪ್ರತಿ ಹಾಳೆಯ ಮೂಲೆಯಲ್ಲಿ ‘ಈ ದಿನದವರೆಗೆ’ ಎಂದು ಪೆನ್ಸಿಲಿನಲ್ಲಿ ಬರೆದೇ ಅಂಟಿಸಿ. ಬಟವಾಡೆಯ ದಿನ ಲೆಕ್ಕ ಮುಗಿದ ಮೇಲೆ ಅವಧಿ ಮೀರಿದ್ದನ್ನೆಲ್ಲ ತೆಗೆದು ಕಡತಕ್ಕೆ ಸೇರಿಸಿ. ಈ ಕೆಲಸ ಯಾರದು ಎಂಬುದನ್ನು ಆಡಳಿತ ಮಂಡಳಿಯ ಸಭೆಯಲ್ಲೇ ತೀರ್ಮಾನಿಸಿ. ಎಲ್ಲರ ಕೆಲಸ ಎಂದರೆ ಯಾರೂ ಮಾಡುವುದಿಲ್ಲ.

ಎಲ್ಲ ಮುಗಿದ ಮೇಲೆ ಕನ್ನಡಕ ಹಾಕುವ ಒಬ್ಬ ಹಿರಿಯರನ್ನು ಸಂಜೆ ಹೊತ್ತು ಕರೆದು, ‘ಮುಂದಿನ ಬಟವಾಡೆ ಯಾವತ್ತು, ಬೋರ್ಡು ನೋಡಿ ಹೇಳಿ’ ಎನ್ನಿ. ಬೆರಳು ತೋರಿಸಬೇಡಿ, ಅವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಎಂದು ಸುಮ್ಮನೆ ಗಮನಿಸಿ. ತಡಕಾಡಿದರೆ ಆ ಮನೆಯ ಜಾಗವನ್ನೋ ಅಕ್ಷರದ ಗಾತ್ರವನ್ನೋ ಬದಲಿಸಿ, ಮರುದಿನ ಇನ್ನೊಬ್ಬರನ್ನು ಕರೆದು ಕೇಳಿ.