ರೇಡಿಯೇಷನ್ ಮುಗಿದ ಮೇಲೆ ಡೈಲೇಟರ್: ನಾನು ಮಾಡುವ ಕ್ರಮ

ಕ್ಯಾನ್ಸರಿಗೆಂದು ಕೆಳಹೊಟ್ಟೆಗೆ ರೇಡಿಯೇಷನ್ (ಕರೆಂಟ್) ಕೊಟ್ಟ ಜಾಗದಲ್ಲಿ ರಕ್ತದ ಓಡಾಟ ಕಡಿಮೆಯಾಗಿ ಯೋನಿಯ ಒಳಪದರ ಒಣಗುತ್ತದೆ, ಬರಬರುತ್ತಾ ನಾರುಗಟ್ಟುತ್ತದೆ. ಗಾಯ ಮಾಯುವ ಹೊತ್ತಿಗೆ ಎದುರುಬದುರು ಗೋಡೆಗಳು ಅಂಟಿಕೊಂಡರೆ ದಾರಿ ಗಿಡ್ಡವಾಗುತ್ತದೆ, ಕಿರಿದೂ ಆಗುತ್ತದೆ. ಹಾಗಾಗದಂತೆ ಒಳಗೆ ತೂರಿಸುವ ನಯವಾದ ಕಡ್ಡಿಯಂಥ ಸಾಧನವೇ ಡೈಲೇಟರ್; ಚಿಕ್ಕದರಿಂದ ದಪ್ಪದವರೆಗೆ ಸೆಟ್ಟಾಗಿ ಬರುತ್ತದೆ. ಇದು ಗಂಡನ ಜೊತೆ ಮಲಗುವ ವಿಷಯ ಮಾತ್ರ ಅಲ್ಲ. ಮುಂದಿನ ಚೆಕಪ್‌ಗಳಲ್ಲಿ ಡಾಕ್ಟರಿಗೆ ಒಳಗೆ ನೋಡಲು ಜಾಗ ಇರಬೇಕು. ಆದ್ದರಿಂದ "ಈ ವಯಸ್ಸಲ್ಲಿ ನಂಗ್ಯಾಕೆ ಅದು" ಅನ್ನುವವರಿಗೂ ಇದು ಬೇಕು.

ಶುರು ಮಾಡುವುದು ಚಿಕಿತ್ಸೆ ಮುಗಿದ 2ರಿಂದ 8 ವಾರದೊಳಗೆ, ಉರಿ ಇಳಿದು, ಡಾಕ್ಟರು ಪರೀಕ್ಷೆ ಮಾಡಿ ಹೂಂ ಅಂದ ಮೇಲೆ. ರೇಡಿಯೇಷನ್ ನಡೆಯುತ್ತಿರುವಾಗ ಬೇಡ, ಹಸಿ ಹುಣ್ಣು ಕೆದಕಿದ ಹಾಗಾಗುತ್ತದೆ. ವಾರಕ್ಕೆ 2–3 ಸಲ, ಪ್ರತಿಸಲ 5ರಿಂದ 10 ನಿಮಿಷ. ಕಡಿಮೆ ಅಂದರೆ 2 ವರ್ಷ. ಸಂಭೋಗ ಆದ ದಿನವನ್ನೂ ಲೆಕ್ಕಕ್ಕೆ ಹಿಡಿಯಬಹುದು.

ಮೊದಲು ಜೆಲ್ಲಿಯ ವಿಷಯ, ಎಡವಟ್ಟಾಗುವುದು ಇಲ್ಲೇ. ಮೆಡಿಕಲ್ ಶಾಪಲ್ಲಿ ಬರೀ "ಜೆಲ್ಲಿ" ಅಂದರೆ ಲಿಗ್ನೋಕೇನ್ ಜೆಲ್ಲಿ ಕೈಗೆ ಬರಬಹುದು. ಅದು ಮರಗಟ್ಟಿಸುತ್ತದೆ. ನೋವು ಗೊತ್ತಾಗದಿದ್ದರೆ ಎಲ್ಲಿ ನಿಲ್ಲಿಸಬೇಕೆಂದೂ ಗೊತ್ತಾಗುವುದಿಲ್ಲ. ನೀರಿನಲ್ಲಿ ಕರಗುವ ಜೆಲ್ಲಿ ಎಂದು ಬಿಡಿಸಿ ಕೇಳಿ; ಕೆ-ವೈ ಆ ಜಾತಿಯದು. ವ್ಯಾಸಲೀನ್ ಬೇಡ, ಒಳಗೇ ಅಂಟಿಕೊಂಡು ಉಳಿಯುತ್ತದೆ. ಡೈಲೇಟರ್ ಮೇಲೆ ಕಾಂಡೋಮ್ ಹಾಕುವವರು ಕೊಬ್ಬರಿ ಎಣ್ಣೆ ಮುಟ್ಟಬಾರದು, ಎಣ್ಣೆಗೆ ರಬ್ಬರು ಹರಿಯುತ್ತದೆ.

ಸಮಯ: ಬಿಸಿನೀರಿನ ಸ್ನಾನ ಆದ ಕೂಡಲೇ. ಮೈ ಸಡಿಲವಾಗಿರುತ್ತದೆ, ತುಂಬಿದ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಯಾರೂ ಏಕೆಂದು ಕೇಳುವುದೂ ಇಲ್ಲ. ಮೂತ್ರ ಮಾಡಿ ಬಂದು ಮಲಗಿ, ಸೊಂಟದ ಕೆಳಗೆ ಟವೆಲ್, ಮಂಡಿ ಮಡಚಿ ಅಗಲಿಸಿ. ಮಲಗಲು ಜಾಗ ಇಲ್ಲದಿದ್ದರೆ ಒಂದು ಕಾಲು ಸ್ಟೂಲ್ ಮೇಲಿಟ್ಟು ನಿಂತೂ ಆಗುತ್ತದೆ. ಸೆಟ್ಟಿನಲ್ಲಿ ಅತಿ ಚಿಕ್ಕದನ್ನು ಬೆಚ್ಚನೆ ನೀರಲ್ಲಿ ಅದ್ದಿ ತೆಗೆದು, ತುದಿಗೂ ಯೋನಿಯ ಬಾಯಿಗೂ ಜೆಲ್ಲಿ ಧಾರಾಳವಾಗಿ ಹಚ್ಚಿ. ನೇರ ಮೇಲಕ್ಕಲ್ಲ, ಬೆನ್ನಿನ ಕಡೆಗೆ ಓರೆಯಾಗಿ ತೂರಿಸಬೇಕು.

ಅಡ್ಡಿ ಎರಡು ಥರ ಇರುತ್ತದೆ, ಈ ಫರಕು ಕೈಗೆ ಹತ್ತಬೇಕು. ಯೋನಿಯ ಬಾಯಲ್ಲೇ ಬಿಗಿ ಹಿಡಿದರೆ ಅದು ಸ್ನಾಯು, ಹೆದರಿಕೆಗೆ ತಾನೇ ಮುಚ್ಚಿಕೊಳ್ಳುತ್ತದೆ. ತಳ್ಳಿದಷ್ಟೂ ಬಿಗಿಯುತ್ತದೆ. ಡೈಲೇಟರನ್ನು ಅಲ್ಲೇ ತಡೆದು, ಮೂತ್ರ ಕಟ್ಟುವ ಹಾಗೆ ಒಮ್ಮೆ ಬಿಗಿದು, ಬಾಯಿಂದ ಉದ್ದಕ್ಕೆ ಉಸಿರು ಬಿಡುತ್ತಾ ಸಡಿಲಿಸಿ. ನಾಲ್ಕೈದು ಉಸಿರಿಗೆ ಅದು ತಾನಾಗಿ ಜಾರುತ್ತದೆ. ಇನ್ನೊಂದು, ಒಳಗೆ ಕೊನೆಯಲ್ಲಿ ಗೋಡೆ ತಾಗಿದ ಹಾಗೆ ನಿಲ್ಲುವುದು. ಅದು ಅಲ್ಲಿಯ ಆಳ, ಅಥವಾ ಅಂಟಿದ ಜಾಗ. ಅದರ ಮೇಲೆ ಜೋರು ಮಾಡಬೇಡಿ. ಮೆಲ್ಲಗೆ ಒತ್ತಿ ಹಿಡಿದು, ಹಿಂದೆ ಮುಂದೆ, ಎಡ ಬಲ ಸ್ವಲ್ಪ ಸ್ವಲ್ಪ ಆಡಿಸಿ, ತಿರುಗಿಸುತ್ತಾ ಹೊರತೆಗೆಯಿರಿ. ಎಳೆದ ಹಾಗೆನಿಸಬೇಕು, ಚುಚ್ಚಿದ ಹಾಗಲ್ಲ.

ಜೆಲ್ಲಿಗೆ ತಿಳಿಗುಲಾಬಿ ಬಣ್ಣ ಹತ್ತಿದರೆ ಗಾಬರಿ ಬೇಡ. ಪ್ಯಾಡ್ ನೆನೆಯುವಷ್ಟು ರಕ್ತ, ಕೆಟ್ಟ ವಾಸನೆ, ಜ್ವರ, ಅಥವಾ ಯೋನಿಯಿಂದ ಮೂತ್ರವೋ ಮಲವೋ ಸೋರಿದರೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಚಿಕ್ಕದು ನೋವಿಲ್ಲದೆ ಸಲೀಸಾಗಿ ಹೋಗಿಬರುವಂತಾದ ಮೇಲೇ ಮುಂದಿನ ಸೈಜು. ಸೆಟ್ಟಿನ ಅತಿ ದಪ್ಪದ್ದಕ್ಕೆ ಮುಟ್ಟಲೇಬೇಕೆಂಬ ಹಟ ನನಗೆ ಅರ್ಥವಾಗುವುದಿಲ್ಲ, ಪರೀಕ್ಷೆಗೂ ನಿಮಗೂ ಸಾಕಾಗುವಷ್ಟಿದ್ದರೆ ಮುಗಿಯಿತು. ಸೆಟ್ಟು ಕೊಳ್ಳಲು ಆಗದವರು ಉಗುರು ಕತ್ತರಿಸಿ, ಕೈ ತೊಳೆದು, ಜೆಲ್ಲಿ ಹಚ್ಚಿದ ಬೆರಳಿನಿಂದಲೂ ಮಾಡಬಹುದು. ಒಣಗುವಿಕೆ ಜಾಸ್ತಿಯಿದ್ದರೆ ಈಸ್ಟ್ರೋಜನ್ ಕ್ರೀಮ್ ಕೇಳಿ ನೋಡಿ, ಆದರೆ ಕ್ಯಾನ್ಸರಿನ ಜಾತಿ ನೋಡಿ ಡಾಕ್ಟರೇ ಬರೆದುಕೊಡಬೇಕು.

ಬಳಸಿದ ಮೇಲೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒರೆಸಿ, ಮುಚ್ಚಳದ ಡಬ್ಬಿಗೆ ಹಾಕಿ. ಊರಿಗೆ ಹೋಗಿಯೋ ಹುಷಾರಿಲ್ಲದೆಯೋ ಎರಡು ಮೂರು ವಾರ ಬಿಟ್ಟುಹೋದರೆ, ಬಿಟ್ಟ ಸೈಜಿಗಿಂತ ಒಂದು ಚಿಕ್ಕದರಿಂದ ಮತ್ತೆ ಶುರು ಮಾಡಿ.