ಇಬ್ಬರೂ ‘ಅವಳು’ ಆದರೆ ಕೈ ಯಾರದು?

ಲೆಸ್ಬಿಯನ್ ಪತ್ತೇದಾರಿಣಿಯ ಬಿಸಿಬಿಸಿ ಕಾದಂಬರಿ ಕನ್ನಡದಲ್ಲಿ ಓಡಲ್ಲ ಅಂತ ನನಗೆ ಬುದ್ಧಿ ಹೇಳಿದವರು ಏಳೆಂಟು ಜನ. ಅದರಲ್ಲಿ ಇಬ್ಬರು ಪ್ರಕಾಶಕರು. ಒಬ್ಬರಂತೂ, "ಕತೆ ಚೆನ್ನಾಗಿದೆ ಮೇಡಂ, ಒಬ್ಬಳನ್ನ ಗಂಡಸು ಮಾಡಿಬಿಡಿ. ಆಗಲ್ಲ ಅಂದ್ರೆ ಕೊನೇಲಿ ಸಾಯಿಸಿ" ಅಂದರು. 1950ರ ದಶಕದ ಅಮೆರಿಕದಲ್ಲಿ ಇಂಥ ಅಗ್ಗದ ಪೇಪರ್‌ಬ್ಯಾಕ್‌ಗಳಿಗೂ ಇದೇ ಕರಾರಿತ್ತು: ಅಂಚೆಯವರು ಅಶ್ಲೀಲ ಅಂತ ತಡೆಹಿಡಿಯಬಾರದು ಅಂದರೆ ನಾಯಕಿಯರ ಗತಿ ಕೊನೆಗೆ ಕೆಡಬೇಕು. ನಮ್ಮ ಪ್ರಕಾಶಕರಿಗೆ ಯಾವ ಅಂಚೆಯ ಭಯವೋ! ನನ್ನ ಪತ್ತೇದಾರಿಣಿ ಸರೋಜ ಸಾಯಲಿಲ್ಲ. ಈಗ ಎರಡನೇ ಕೇಸು ಹಿಡಿದಿದ್ದಾಳೆ.

ಮೊದಲ ಕರಡು 2017ರದ್ದು. ಬೆಂಗಳೂರಿನ ಬಳೇಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿಯ ಮೇಲೆ ಸರೋಜಳ ಆಫೀಸು, ರೇಷ್ಮೆ ವ್ಯಾಪಾರಿಯ ಹೆಂಡತಿ ತರುವ ಬ್ಲ್ಯಾಕ್‌ಮೇಲ್ ಪತ್ರ, ಸಲಿಂಗ ಸಂಬಂಧವನ್ನ ಅಪರಾಧ ಅನ್ನುತ್ತಿದ್ದ ಐಪಿಸಿ 377ರ ಬೆದರಿಕೆ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು ಆ ಬೆದರಿಕೆಯ ಹಲ್ಲು ಕಿತ್ತಿತು. ಅವತ್ತು ಖುಷಿಗೆ ಅತ್ತೆ, ಮಾರನೇ ದಿನ ನೂರಿಪ್ಪತ್ತು ಪುಟ ದಂಡವಾಯ್ತಲ್ಲ ಅಂತ ಅತ್ತೆ. ಅದೇ ತಿಂಗಳ 27ಕ್ಕೆ ವ್ಯಭಿಚಾರದ 497ನೂ ಹೋಯ್ತು. ಕತೆಯ ಎರಡು ಕಾಲೂ ಮುರಿದವು.

ಕತೆಯನ್ನ ಎತ್ತಿ, ಎರಡೂ ಕಾನೂನು ಇದ್ದ 1994ಕ್ಕೆ ಇಟ್ಟೆ. ಮೊಬೈಲಿಲ್ಲ, ಸಿಸಿಟಿವಿ ಇಲ್ಲ. ಕಪಾಲಿ ಟಾಕೀಸಿನಲ್ಲಿ ಸೆಕೆಂಡ್ ಶೋ ಬಿಟ್ಟಿರುತ್ತೆ. ರಾತ್ರಿ ತಡವಾದರೆ ಬೂತಿಂದ ಪರವೂರಿಗೆ ಮಾಡೋ ಎಸ್‌ಟಿಡಿ ಕರೆ ಅಗ್ಗ, ಹಾಗಾಗಿ ಪ್ರೀತಿಯ ಮಾತೆಲ್ಲ ಅದೇ ಹೊತ್ತಿಗೆ. ಜೇಬಲ್ಲಿ ನಲವತ್ತು ರೂಪಾಯಿ, ಬೂತಿನ ಕೆಂಪು ಮೀಟರು ಮೂವತ್ತೆಂಟು ದಾಟಿದೆ, ಅವಳು ಆಗಷ್ಟೇ "ಒಂದು ಮಾತು ಹೇಳ್ಬೇಕಿತ್ತು" ಅನ್ನುತ್ತಾಳೆ. ಗನ್ನಿಗಿಂತ ಮೇಲು.

ಎಡವಿದ್ದು ಮಂಚದ ದೃಶ್ಯದಲ್ಲಿ. ‘ಅವಳು ಅವಳ ಸೆರಗು ಸರಿಸಿದಳು.’ ಯಾರು, ಯಾರದನ್ನ? ಹೆಸರು ಹಾಕುತ್ತಾ ಹೋದರೆ ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ‘ಅಧರ’, ‘ಆಲಿಂಗನ’ ಅಂದರೆ ಭಾಗವತರು ಜಾಗಟೆ ಹಿಡಿದು ಬಂದ ಹಾಗೆ, ಆಡುಮಾತಿನ ಪದ ಹಾಕಿದರೆ ಬೈಗುಳ. ಆ ಅವತಾರದಲ್ಲೇ 300 ಪ್ರತಿ ಅಚ್ಚು ಹಾಕಿಸಿದೆ. ಡಿಟಿಪಿ, ಮುಖಪುಟ, ಬೈಂಡಿಂಗ್ ಸೇರಿ ಮೂವತ್ತೊಂದು ಸಾವಿರ ಚಿಲ್ಲರೆ. ಹೋದದ್ದು ತೊಂಬತ್ತೋ ತೊಂಬತ್ತೈದೋ, ಅದರಲ್ಲೂ ಅರ್ಧ ಗೌರವಪ್ರತಿ. ಉಳಿದವು ಮಂಚದ ಕೆಳಗೆ. ನಮ್ಮನೆ ಮಂಚದ ಕೆಳಗೆ.

ಆಮೇಲೆ ಪೂರ್ತಿ ‘ನಾನು’ ಅಂತ ತಿರುಗಿ ಬರೆದೆ. ಬಂದೆ, ನೋಡಿದೆ, ಹೊಡೆದೆ: ಕನ್ನಡದಲ್ಲಿ ಇದು ಗಂಡೋ ಹೆಣ್ಣೋ ಗೊತ್ತಾಗಲ್ಲ. ಹಿಂದಿಯವರಿಗೆ ಈ ಭಾಗ್ಯವಿಲ್ಲ. ಯೆಜ್ಡಿ ಬೈಕು, ಬೀಡಿ, ಮೂಗಿಗೆ ಬಿದ್ದ ಗುದ್ದು ಅಂತ ಹದಿನಾಲ್ಕು ಪುಟ ಓದಿದವರಿಗೆ ಹೂವಾಡಗಿತ್ತಿ "ಸರೋಜಕ್ಕಾ, ಒಂದು ಮೊಳ ಕೊಡ್ಲಾ?" ಅಂದಾಗ ತಲೆ ತಿರುಗಬೇಕು. ತಿರುಗಿತು, ಮೆಸೇಜುಗಳಿವೆ.

ಶಾಖಕ್ಕೆ ಸೆರಗು ಬೇಕಾಗಲೇ ಇಲ್ಲ. ನಲವತ್ತು ಪುಟ ಸರೋಜಳ ಪ್ರೇಯಸಿ "ಮೇಡಂ, ನೀವು" ಅನ್ನುತ್ತಿರುತ್ತಾಳೆ. ಗಾಂಧಿನಗರದ ಲಾಡ್ಜು, ಮಳೆ, ಕರೆಂಟು ಹೋಗಿದೆ. "ಬಾಗಿಲು ಹಾಕಿ." ಒಂದು ಪ್ಯಾರಾ ಬಿಟ್ಟು, "ಚಿಲಕ ಹಾಕು." ಇನ್ನೂ ಒಂದು ಪ್ಯಾರಾ ಬಿಟ್ಟು, "ಹಾಕೇ." ಅಷ್ಟೇ. ಮುಂದೆ ಕತ್ತಲನ್ನ ಎಲ್ಲಿ ಮುಗಿಸಬೇಕು ಅನ್ನೋದಕ್ಕೊಂದು ಲೆಕ್ಕ ಇಟ್ಟಿದ್ದೀನಿ, ಇಲ್ಲಿ ಹೇಳಲ್ಲ.

ಇದನ್ನೇ ಧಾರವಾಡದ ಗೆಳತಿಯ ದನಿಯಲ್ಲಿ ಆಡಿಯೋ ಮಾಡಿಸಿದೆ. ಅವಳ ಬಾಯಲ್ಲಿ "ಚಿಲಕಾ ಹಾಕ್ ಲೇ" ಆಗಿ ಲೇಡೀಸ್ ಹಾಸ್ಟೆಲ್ಲಿನ ಜಗಳ ಕೇಳಿದ ಹಾಗಾಯ್ತು. ಸ್ಟುಡಿಯೋ ಬಾಡಿಗೆ ಎರಡು ಸಾವಿರ ಗೋವಿಂದ.

ಉಪಮೆ ಮಾತ್ರ ಮಿತಿಮೀರಲೇಬೇಕು. ‘ಅವಳ ನಗು ಲಾಡ್ಜಿನ ನಿಯಾನ್ ಬೋರ್ಡಿನ ಹಾಗೆ, ಒಂದಕ್ಷರ ಕೆಟ್ಟಿತ್ತು, ಆದರೂ ಜನ ಒಳಗೆ ಹೋಗ್ತಿದ್ರು.’ ಪುಟಕ್ಕೆ ಎರಡು. ಮೂರನೆಯದನ್ನ ನನ್ನ ಸಂಗಾತಿ ಹೊಡೆದುಹಾಕ್ತಾಳೆ, ಅವಳ ಕೆಂಪು ಪೆನ್ನಿಗೆ ಕರುಣೆಯಿಲ್ಲ.

ಈ ಸಲ ಅಚ್ಚಿನ ಸಹವಾಸ ಬೇಡ ಅಂತ ಎಂಟು ಕಂತು ಪಿಡಿಎಫ್, ಕಂತಿಗೆ ಮೂವತ್ತು ರೂಪಾಯಿ, ದುಡ್ಡು ಫೋನಿಗೇ. ಶುರುವಿಗೆ ಮೂವತ್ತು ಜನ, ಐದನೇ ಕಂತಿಗೆ ಇನ್ನೂರೈವತ್ತು ದಾಟಿತು. ಹಳೇ ನಷ್ಟ ತೀರಿ ಹತ್ತು ಹನ್ನೊಂದು ಸಾವಿರ ಕೈಯಲ್ಲಿ ನಿಂತಿತು. ಮೊನ್ನೆ ಮೊನ್ನೆ ಒಬ್ಬರು ‘ಮೊದಲ ಆವೃತ್ತಿ ಇದೆಯಾ, ಸಂಗ್ರಹಕ್ಕೆ’ ಅಂತ ಕೇಳಿದರು. ನೂರಿಪ್ಪತ್ತು ರೂಪಾಯಿ ಪುಸ್ತಕಕ್ಕೆ ಇನ್ನೂರು ಹೇಳಿದೆ. ಚೌಕಾಸಿ ಮಾಡಲಿಲ್ಲ. ಮಂಚದ ಕೆಳಗೆ ಇನ್ನೂ ಇನ್ನೂರು ಚಿಲ್ಲರೆ ಇವೆ, ಒಂದೆರಡಕ್ಕೆ ಗೆದ್ದಲು ಹಿಡಿದಿದೆ.